ಹಗ್ಗಕ್ಕಿಂತ ಮೊದಲು ಸೊಂಟಪಟ್ಟಿ ನೋಡಿ

ಮಳೆ ಬಿಟ್ಟು ಅಕ್ಟೋಬರ್ ಕಳೆಯುತ್ತಿದ್ದಂತೆ ನಮ್ಮ ಕಡೆ ಕ್ಯಾಂಪ್‌ಗಳ ಸೀಸನ್ ಶುರುವಾಗುತ್ತದೆ. ಮಂಗಳೂರು, ಮಣಿಪಾಲದ ಕಾಲೇಜು ಮಕ್ಕಳು, ಆಫೀಸಿನವರು, ಎನ್‌ಸಿಸಿ ಕೆಡೆಟ್‌ಗಳು, ಎಲ್ಲರೂ ಬೆಳ್ತಂಗಡಿ, ಕಾರ್ಕಳ, ಚಾರ್ಮಾಡಿ ಕಡೆಗೆ ಹೊರಡುತ್ತಾರೆ. ಬಂಡೆ ಹತ್ತುವುದು, ಹಗ್ಗ ಹಿಡಿದು ಇಳಿಯುವ ರಾಪೆಲಿಂಗ್ ಮಾಡುವುದು ಈಗ ಎಷ್ಟೋ ಜನರ ರಜೆಯ ಪಟ್ಟಿಯಲ್ಲಿ ಉಂಟು. ಮೊದಲ ಸಲ ಹೋಗುವವರು ಅಂಚಿಗೆ ಬಂದು ನಿಂತಾಗ ಕೇಳುವುದು ಒಂದೇ ಪ್ರಶ್ನೆ: "ಹಗ್ಗ ತುಂಡಾಗೋದಿಲ್ಲ ಅಲ್ವಾ?"

ಒಳ್ಳೆಯ ಸ್ಥಿತಿಯಲ್ಲಿರುವ ಕ್ಲೈಂಬಿಂಗ್ ಹಗ್ಗ, ಹರಿತವಾದ ಕಲ್ಲಿನ ಅಂಚಿಗೆ ಉಜ್ಜದಿದ್ದರೆ, ಮನುಷ್ಯನ ಭಾರಕ್ಕೆ ತುಂಡಾಗುವುದು ತೀರಾ ಅಪರೂಪ. ಎಡವಟ್ಟು ಜಾಸ್ತಿ ಆಗುವುದು ಹಗ್ಗ ಮತ್ತು ಮೈ ಕೂಡುವ ಜಾಗದಲ್ಲಿ. ಆ ಜಾಗವೇ ಹಾರ್ನೆಸ್, ಅಂದರೆ ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳ ಜೋಡಣೆ. ಕ್ಯಾಂಪಿನ ಗಡಿಬಿಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಗಮನ ಸಿಗುವುದೂ ಇದಕ್ಕೇ. ಒಬ್ಬರು ಬಿಚ್ಚಿ ಕೊಟ್ಟದ್ದನ್ನು ಇನ್ನೊಬ್ಬರು ಹಾಕಿಕೊಳ್ಳುತ್ತಾರೆ. ತೆಳ್ಳಗಿನ ಹುಡುಗಿ ಬಿಚ್ಚಿದ್ದನ್ನು ದಪ್ಪಗಿನ ಹುಡುಗ, ಅವನು ಬಿಚ್ಚಿದ್ದನ್ನು ಹತ್ತು ವರ್ಷದ ಮಗು. ಪ್ರತಿ ಸಲವೂ ಅದನ್ನು ಮೈಗೆ ಹೊಸದಾಗಿ ಹೊಂದಿಸಬೇಕು. ಈ ಹೊಂದಿಸುವ ಕೆಲಸ ಸರಿಯಾಗಿದೆಯೋ ಇಲ್ಲವೋ ಎಂದು ನೋಡುವುದು ಹಾಕಿಕೊಂಡವರಿಗೇ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಲಿಯುವುದಕ್ಕೆ ಐದು ನಿಮಿಷ ಸಾಕು.

ಮೊದಲು ಅದರ ಭಾಗಗಳು. ಕ್ಲೈಂಬಿಂಗಿನಲ್ಲಿ ಸಾಮಾನ್ಯವಾಗಿ ಬಳಸುವುದು ಸಿಟ್ ಹಾರ್ನೆಸ್. ಅದರಲ್ಲಿ ಅಗಲವಾದ ಒಂದು ಸೊಂಟಪಟ್ಟಿ, ಎರಡು ತೊಡೆಪಟ್ಟಿ ಇರುತ್ತವೆ. ಸೊಂಟಪಟ್ಟಿಯ ಮುಂದೆ ಒಂದು ಗಟ್ಟಿ ಕುಣಿಕೆ, ತೊಡೆಪಟ್ಟಿಗಳು ಕೂಡುವಲ್ಲಿ ಇನ್ನೊಂದು. ಇವೆರಡನ್ನೂ ಸೇರಿಸಿ ಮುಂಭಾಗದಲ್ಲಿ ಲಂಬವಾಗಿ ನಿಲ್ಲುವ ದಪ್ಪ ಉಂಗುರದಂಥ ಪಟ್ಟಿಗೆ ಬಿಲೇ ಲೂಪ್ ಎನ್ನುತ್ತಾರೆ. ಸೊಂಟದ ಎರಡೂ ಬದಿಯಲ್ಲಿ ಸಾಮಾನು ನೇತುಹಾಕುವ ಸಣ್ಣ ಬಳೆಗಳು, ಅಂದರೆ ಗೇರ್ ಲೂಪ್‌ಗಳು. ಹಿಂದೆ ತೊಡೆಪಟ್ಟಿ ಜಾರದಂತೆ ಹಿಡಿಯುವ ಎಲಾಸ್ಟಿಕ್ ದಾರ. ಜತೆಗೆ ಬಿಗಿ ಮಾಡುವ ಬಕಲ್‌ಗಳು. ಇಷ್ಟೇ.

ಇದರಲ್ಲಿ ಜೀವ ಉಳಿಸುವ ಭಾಗ ಯಾವುದು ಎಂದು ಕೇಳಿದರೆ ಹೆಚ್ಚಿನವರು ತೊಡೆಪಟ್ಟಿಯನ್ನು ತೋರಿಸುತ್ತಾರೆ. ಕೂತಾಗ ಭಾರ ಬೀಳುವುದು ತೊಡೆಗೆ, ಅದಕ್ಕೇ ಹಾಗನ್ನಿಸುತ್ತದೆ. ತೊಡೆಪಟ್ಟಿ ಕೆಲಸ ಮಾಡುವುದು ನೀವು ನೆಟ್ಟಗೆ ಇರುವಾಗ. ಕಾಲು ಜಾರಿ ಮೈ ತಲೆಕೆಳಗಾದರೆ ತೊಡೆಪಟ್ಟಿ ನಿಮ್ಮನ್ನು ಹಿಡಿಯಲಾರದು. ಆಗ ಹಿಡಿಯುವುದು ಸೊಂಟಪಟ್ಟಿ ಮಾತ್ರ. ಅದೂ ಒಂದು ಷರತ್ತಿನ ಮೇಲೆ: ಪಟ್ಟಿ ಸೊಂಟದ ಎಲುಬಿಗಿಂತ ಮೇಲೆ ಇರಬೇಕು.

ಈಗ ಓದುತ್ತಿರುವಾಗಲೇ ಎರಡೂ ಕೈ ಸೊಂಟಕ್ಕೆ ಇಟ್ಟು ನೋಡಿ. ಬೆರಳಿನಿಂದ ಒತ್ತಿದರೆ ಬದಿಯಲ್ಲಿ ಗಟ್ಟಿ ಎಲುಬಿನ ಏಣು ಸಿಗುತ್ತದೆ. ಜೀನ್ಸಿನ ಬೆಲ್ಟ್ ನಾವು ಕಟ್ಟುವುದು ಈ ಏಣಿನ ಕೆಳಗೆ ಅಥವಾ ಅದರ ಮೇಲೆಯೇ. ಹಾರ್ನೆಸ್ಸಿನ ಸೊಂಟಪಟ್ಟಿ ಅಲ್ಲಿರಬಾರದು. ಅದು ಏಣಿಗಿಂತ ಮೇಲೆ, ಹೊಕ್ಕುಳಿನ ಮಟ್ಟಕ್ಕೆ, ಮೈ ಎಲ್ಲಕ್ಕಿಂತ ಸಣ್ಣಗಿರುವಲ್ಲಿ ಕೂರಬೇಕು. ಅಲ್ಲಿ ಬಿಗಿಯಾಗಿ ಕೂತರೆ ಕೆಳಗೆ ಜಾರಲು ಎಲುಬು ಬಿಡುವುದಿಲ್ಲ. ತಲೆಕೆಳಗಾದರೂ ಮೈ ಪಟ್ಟಿಯಿಂದ ನುಸುಳಿ ಹೊರಗೆ ಬರುವುದಿಲ್ಲ. ಪ್ಯಾಂಟಿನ ಬೆಲ್ಟಿನ ಜಾಗದಲ್ಲೇ ಕಟ್ಟಿದರೆ ಆ ತಡೆಯೇ ಇಲ್ಲ. ಹಗ್ಗ, ಗಂಟು, ಕೊಂಡಿ ಎಲ್ಲ ಸರಿಯಿದ್ದರೂ ಮನುಷ್ಯ ಮಾತ್ರ ಹಾರ್ನೆಸ್ಸಿನಿಂದ ಜಾರಿಬಿಡಬಹುದು.

ಹಾಗಾಗಿ ಹಾಕಿಕೊಳ್ಳುವ ಕ್ರಮ ಹೀಗಿರಲಿ. ಮೊದಲು ಎಲ್ಲ ಬಕಲ್ ಸಡಿಲ ಮಾಡಿ. ಪಟ್ಟಿ ತಿರುಚಿಕೊಂಡಿಲ್ಲ, ಬಿಲೇ ಲೂಪ್ ಮುಂದೆಯೇ ಇದೆ ಎಂದು ನೋಡಿ, ಕಾಲು ತೂರಿಸಿ. ಸೊಂಟಪಟ್ಟಿಯನ್ನು ಮೇಲಕ್ಕೆ ಎಳೆದು ಎಲುಬಿಗಿಂತ ಮೇಲೆ ಇಟ್ಟುಕೊಂಡು, ಸಹಜವಾಗಿ ಉಸಿರು ಬಿಟ್ಟು ಬಿಗಿ ಮಾಡಿ. ಹೊಟ್ಟೆ ಉಬ್ಬಿಸಿಕೊಂಡು ಬಿಗಿ ಮಾಡಿದರೆ ಆಮೇಲೆ ಸಡಿಲವಾಗುತ್ತದೆ. ಎರಡು ಬಕಲ್ ಇದ್ದರೆ ಎರಡನ್ನೂ ಸಮನಾಗಿ ಎಳೆಯಿರಿ, ಬಿಲೇ ಲೂಪ್ ಹೊಕ್ಕುಳಿನ ನೇರಕ್ಕೆ ಬರಲಿ. ಕೊನೆಗೆ ತೊಡೆಪಟ್ಟಿ.

ಬಿಗಿ ಎಷ್ಟಿರಬೇಕು? ಪಟ್ಟಿ ಮತ್ತು ಹೊಟ್ಟೆಯ ನಡುವೆ ಅಂಗೈ ಚಪ್ಪಟೆಯಾಗಿ ಇಟ್ಟು ತೂರಿಸಿ. ಅದು ಹೋಗಬೇಕು. ಒಳಗೇ ಅದನ್ನು ಮುಷ್ಟಿ ಮಾಡಲು ನೋಡಿ. ಅದು ಆಗಬಾರದು. ಆಮೇಲೆ ಎರಡೂ ಕೈಯಿಂದ ಸೊಂಟಪಟ್ಟಿ ಹಿಡಿದು, ನಾಚಿಕೆ ಇಲ್ಲದೆ, ಜೋರಾಗಿ ಕೆಳಗೆ ಎಳೆಯಿರಿ. ಎಲುಬು ದಾಟಿ ಕೆಳಗೆ ಬಂದರೆ ಒಂದೋ ಸಡಿಲ, ಇಲ್ಲವೇ ಸೈಜ್ ದೊಡ್ಡದು. ನನ್ನ ಪ್ರಕಾರ ಈ ಕೆಳಗೆಳೆಯುವ ಪರೀಕ್ಷೆ ಒಂದನ್ನೇ ಎಲ್ಲರೂ ಮಾಡಿದರೂ ಅರ್ಧ ಚಿಂತೆ ಮುಗಿಯಿತು. ತೊಡೆಪಟ್ಟಿಗೆ ಇಷ್ಟು ಬಿಗಿ ಬೇಡ. ಎರಡು ಬೆರಳು ಆರಾಮವಾಗಿ ಹೋಗುವಷ್ಟು ಜಾಗ ಇರಲಿ, ಮೊಣಕಾಲು ಎತ್ತಿ ಮೆಟ್ಟಿಲು ಹತ್ತುವಂತೆ ಮಾಡಿದರೆ ಎಲ್ಲೂ ಕಚ್ಚಬಾರದು. ಅದು ತೊಡೆಯ ಮೇಲ್ತುದಿಯಲ್ಲಿ ಕೂರಬೇಕು. ಮೊಣಕಾಲಿನ ಕಡೆಗೆ ಜಾರಿದ್ದರೆ ನೇತಾಡುವಾಗ ಮೈ ಹಿಂದಕ್ಕೆ ಮಗುಚುತ್ತದೆ.

ಇಷ್ಟಾದ ಮೇಲೂ ಒಂದು ಪರೀಕ್ಷೆ ಬಾಕಿ ಉಂಟು. ನಿಂತಾಗ ಸರಿಯಾಗಿ ಕಂಡ ಹಾರ್ನೆಸ್ ನೇತಾಡುವಾಗ ಬೇರೆಯೇ ಆಗಬಹುದು. ನೆಲದಿಂದ ಒಂದಡಿ ಮೇಲೆ, ಗಟ್ಟಿ ಆಧಾರಕ್ಕೆ ಕಟ್ಟಿ, ಒಂದೆರಡು ನಿಮಿಷ ಸುಮ್ನೆ ಕೂತು ನೋಡಿ. ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿ ಕೂತ ಹಾಗೆ ಮೈ ನಿಲ್ಲಬೇಕು. ಸೊಂಟಪಟ್ಟಿ ಮೇಲೆ ಸರಿದು ಪಕ್ಕೆಲುಬಿಗೆ ಒತ್ತಿದರೆ ಒಂದೋ ಅದು ಸಡಿಲ, ಇಲ್ಲವೇ ಸೊಂಟಪಟ್ಟಿ ಮತ್ತು ತೊಡೆಪಟ್ಟಿಯ ನಡುವಿನ ಅಂತರ ನಿಮಗೆ ಹೊಂದುತ್ತಿಲ್ಲ. ಹೆಂಗಸರಿಗೆಂದು ಮಾಡಿದ ಹಾರ್ನೆಸ್ಸಿನಲ್ಲಿ ಈ ಅಂತರ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಇರುತ್ತದೆ. ಅದು ಬಣ್ಣದ ವ್ಯತ್ಯಾಸವಲ್ಲ. ಖರೀದಿಸುವಾಗ ಅಂಗಡಿಯಲ್ಲಿ ನೇತಾಡಿ ನೋಡಲು ಬಿಡದಿದ್ದರೆ ಬೇರೆ ಅಂಗಡಿ ನೋಡುವುದೇ ಒಳ್ಳೆಯದು. ಆನ್‌ಲೈನ್‌ನಲ್ಲಿ ತರಿಸುವುದಾದರೆ ಟೇಪಿನಿಂದ ಅಳೆಯುವಾಗ ಹೊಕ್ಕುಳಿನ ಮಟ್ಟದ ಸುತ್ತಳತೆ ತಗೊಳ್ಳಿ, ಪ್ಯಾಂಟಿನ ಸೈಜ್ ಬರೆಯಬೇಡಿ. ಎರಡೂ ಒಂದೇ ಅಲ್ಲ. ಬಿಗಿ ಮಾಡಿದ ಮೇಲೆ ಪಟ್ಟಿಯ ಬಾಲ ಬಕಲ್‌ನಿಂದ ಆಚೆ ಕನಿಷ್ಠ 8 ಸೆಂಟಿಮೀಟರ್ ಉಳಿಯಬೇಕು. ಅಷ್ಟು ಉಳಿಯದಿದ್ದರೆ ಸೈಜ್ ಸಣ್ಣದು. ಪೂರ್ತಿ ಎಳೆದರೂ ಸಡಿಲ ಇದ್ದರೆ ಸೈಜ್ ದೊಡ್ಡದು.

ಬಕಲ್ ಬಗ್ಗೆ ಒಂದು ಮಾತು ವಿವರವಾಗಿಯೇ ಹೇಳಬೇಕು. ಬಕಲ್‌ನಲ್ಲಿ ಎರಡು ಬಗೆ. ಈಗಿನ ಹೆಚ್ಚಿನ ಹಾರ್ನೆಸ್‌ಗಳಲ್ಲಿ ಪಟ್ಟಿಯನ್ನು ಕಂಪನಿಯಲ್ಲೇ ಪೋಣಿಸಿರುತ್ತಾರೆ, ನಾವು ಎಳೆದು ಬಿಗಿ ಮಾಡಿದರೆ ಆಯಿತು. ಹಳೆಯ ಬಗೆಯ ಬಕಲ್‌ನಲ್ಲಿ ಪಟ್ಟಿಯನ್ನು ಒಮ್ಮೆ ತೂರಿಸಿ, ಮತ್ತೆ ಹಿಂದಕ್ಕೆ ಮಡಿಸಿ ಅದೇ ಬಕಲ್‌ನೊಳಗೆ ಇನ್ನೊಮ್ಮೆ ತೂರಿಸಬೇಕು. ಬಾಡಿಗೆ ಹಾರ್ನೆಸ್‌ಗಳಲ್ಲಿ ಈ ಬಗೆ ಇನ್ನೂ ಬಳಕೆಯಲ್ಲಿದೆ. ಅಪಾಯ ಎಲ್ಲಿ ಎಂದರೆ, ಒಂದೇ ಸಲ ತೂರಿಸಿದರೂ ಅದು ಬಿಗಿಯಾದಂತೆಯೇ ಕಾಣುತ್ತದೆ. ಕೈಯಿಂದ ಎಳೆದರೂ ನಿಲ್ಲುತ್ತದೆ. ಪೂರ್ತಿ ಭಾರ ಬಿದ್ದಾಗ ಪಟ್ಟಿ ಸರ್ರನೆ ಜಾರಿ ಹೊರಗೆ ಬರುತ್ತದೆ. ಸರಿಯಾಗಿ ಹಿಂದಕ್ಕೆ ತೂರಿಸಿದ ಬಕಲ್‌ನಲ್ಲಿ ಪಟ್ಟಿ ಮಡಚಿಕೊಂಡು ಲೋಹದ ಒಂದು ಭಾಗವನ್ನು ಮುಚ್ಚಿರುತ್ತದೆ. ಬಕಲ್ ಪೂರ್ತಿ ಬೋಳಾಗಿ ಕಾಣುತ್ತಿದ್ದರೆ ಅಲ್ಲೇ ನಿಲ್ಲಿ, ಕೇಳಿ. ತೊಡೆಯ ಬಕಲ್‌ಗಳಿಗೂ ಇದೇ ಮಾತು.

ಇನ್ನು, ಎಲ್ಲಿಗೆ ಏನು ಸಿಕ್ಕಿಸಬೇಕು. ಹಗ್ಗವನ್ನು ನೇರ ಹಾರ್ನೆಸ್ಸಿಗೆ ಕಟ್ಟಿಕೊಂಡು ಬಂಡೆ ಹತ್ತುವುದಾದರೆ ಅದು ಮುಂದಿನ ಎರಡೂ ಗಟ್ಟಿ ಕುಣಿಕೆಗಳ ಮೂಲಕ ಹಾದುಹೋಗಬೇಕು, ಅಂದರೆ ಬಿಲೇ ಲೂಪ್ ಹೋದ ದಾರಿಯಲ್ಲೇ. ಗಂಟು ಎಂಟರ ಆಕಾರದ್ದು, ಹಗ್ಗ ಬಂದ ದಾರಿಯಲ್ಲೇ ಹಿಂದಿರುಗಿ ಜೋಡಿಯಾದದ್ದು. ಬಾಲ ಒಂದು ಗೇಣಿನ ಹತ್ತಿರ ಇರಲಿ. ಕ್ಯಾರಾಬೀನರ್ (ತೆರೆದು ಮುಚ್ಚುವ ಗೇಟ್ ಇರುವ ಲೋಹದ ಕೊಂಡಿ) ಬಳಸುವ ಕೆಲಸಗಳು, ಅಂದರೆ ರಾಪೆಲಿಂಗ್ ಮತ್ತು ಇನ್ನೊಬ್ಬರಿಗೆ ಬಿಲೇ ಕೊಡುವುದು (ಹತ್ತುವವರು ಬಿದ್ದರೆ ತಡೆಯಲು ಅವರ ಹಗ್ಗ ಹಿಡಿದಿರುವುದು), ಬಿಲೇ ಲೂಪ್‌ನಿಂದ ಆಗಬೇಕು. ಕ್ಯಾರಾಬೀನರನ್ನು ಮೇಲಿನ, ಕೆಳಗಿನ ಎರಡೂ ಕುಣಿಕೆಗೆ ಒಟ್ಟಿಗೆ ಸಿಕ್ಕಿಸಿದರೆ ಅದಕ್ಕೆ ಮೂರು ಕಡೆಯಿಂದ ಎಳೆತ ಬೀಳುತ್ತದೆ, ಅಡ್ಡ ತಿರುಗಿ ನಿಲ್ಲುತ್ತದೆ. ಸಾಮಾನ್ಯ ಲಾಕಿಂಗ್ ಕ್ಯಾರಾಬೀನರ್ ಉದ್ದಕ್ಕೆ 20 ಕಿಲೋನ್ಯೂಟನ್‌ಗೂ ಮೇಲೆ ತಡೆಯುತ್ತದೆ. ಅಡ್ಡಕ್ಕೆ ಅದಕ್ಕೆ ಬೇಕಾದ ಕನಿಷ್ಠ ಬಲ 7 ಮಾತ್ರ. ಒಂದು ಕಿಲೋನ್ಯೂಟನ್ ಅಂದರೆ ಹೆಚ್ಚುಕಡಿಮೆ 100 ಕಿಲೋ ಭಾರ ಎಂದು ಲೆಕ್ಕ ಇಟ್ಟುಕೊಳ್ಳಿ. ಈ ಅಂಕಿ ಕ್ಯಾರಾಬೀನರಿನ ಬೆನ್ನಿನ ಮೇಲೆಯೇ ಕೆತ್ತಿರುತ್ತದೆ. ಕೆತ್ತನೆಯೇ ಇಲ್ಲದ ಕೊಂಡಿ, ಕೀ ಬಂಚಿಗೆ ಹಾಕುವಂಥದ್ದು, ಈ ಕೆಲಸಕ್ಕೆ ಬೇಡವೇ ಬೇಡ.

ಯುರೋಪಿನ ಇಎನ್ 12277 ಎಂಬ ಮಾನದಂಡದ ಪ್ರಕಾರ ಸಿಟ್ ಹಾರ್ನೆಸ್ 15 ಕಿಲೋನ್ಯೂಟನ್, ಅಂದರೆ ಸುಮಾರು 1,500 ಕಿಲೋ ಭಾರದ ಎಳೆತ ತಡೆಯಬೇಕು. ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟ ಯುಐಎಎಯ 105ನೇ ಮಾನದಂಡವೂ ಹಾರ್ನೆಸ್ಸಿಗಾಗಿಯೇ ಇರುವುದು. ಆದರೆ ಬದಿಯ ಗೇರ್ ಲೂಪ್‌ಗಳಿಗೆ ಈ ಲೆಕ್ಕ ಇಲ್ಲ. ಕೆಲವು ಕಂಪನಿಗಳು ಅವುಗಳಿಗೆ 5 ಕಿಲೋ, 10 ಕಿಲೋ ಎಂದು ಮಿತಿ ಹಾಕುತ್ತವೆ. ಕೆಲವದರಲ್ಲಿ ಅದು ಬರೇ ಪ್ಲಾಸ್ಟಿಕ್ ಕೊಳವೆ. ನೋಡಲು ಗಟ್ಟಿ ಬಳೆಯ ಹಾಗಿರುವುದರಿಂದ ಹೊಸಬರು ಸುರಕ್ಷಾ ಕೊಂಡಿಯನ್ನು ಅಲ್ಲಿಗೆ ಸಿಕ್ಕಿಸುವುದುಂಟು. ಅಂಚಿನಲ್ಲಿ ಕಾಯುವಾಗ ನಿಮ್ಮ ಸ್ಲಿಂಗ್, ಅಂದರೆ ನಿಮ್ಮನ್ನು ಆಧಾರಕ್ಕೆ ಕಟ್ಟಿದ ಪಟ್ಟಿಯ ಕುಣಿಕೆ, ಎಲ್ಲಿಂದ ಹೊರಟಿದೆ ಎಂದು ಕೈಯಿಂದ ಮುಟ್ಟಿ ನೋಡಿ. ಸೊಂಟದ ಬದಿಯಿಂದ ಹೊರಟಿದ್ದರೆ ನೀವು ಯಾವುದಕ್ಕೂ ಕಟ್ಟಿಕೊಂಡಿಲ್ಲ ಎಂದೇ ಅರ್ಥ.

ಅನುಭವ ಇದ್ದವರಿಗೆ ಇದೆಲ್ಲ ಬೇಡ ಎಂದುಕೊಳ್ಳುವವರಿಗೆ ಲಿನ್ ಹಿಲ್ ಅವರ ಕತೆ ಹೇಳಬೇಕು. ಜಗತ್ತಿನ ಅತಿ ಶ್ರೇಷ್ಠ ಕ್ಲೈಂಬರ್‌ಗಳಲ್ಲಿ ಒಬ್ಬರು ಇವರು. 1989ರಲ್ಲಿ ಫ್ರಾನ್ಸಿನ ಒಂದು ಬಂಡೆಯಲ್ಲಿ, ಹತ್ತಲು ಹೊರಡುವ ಮುಂಚೆ ಹಗ್ಗವನ್ನು ಹಾರ್ನೆಸ್ಸಿನಲ್ಲಿ ತೂರಿಸಿದರು. ಗಂಟು ಹಾಕುವಷ್ಟರಲ್ಲಿ ಗಮನ ಬೇರೆ ಕಡೆ ಹೋಯಿತು, ಶೂ ಲೇಸ್ ಕಟ್ಟಲು ತಿರುಗಿದರು. ಗಂಟು ಅಲ್ಲಿಗೇ ನಿಂತಿತು. ಮೇಲಿನ ತನಕ ಹತ್ತಿ, ಇಳಿಯಲೆಂದು ಹಗ್ಗಕ್ಕೆ ಭಾರ ಬಿಟ್ಟಾಗ ಹಗ್ಗ ಜಾರಿಕೊಂಡು ಹೋಯಿತು. ಅವರು ಬಿದ್ದದ್ದು 70 ಅಡಿಗೂ ಜಾಸ್ತಿ. ನಮ್ಮ ಕಾಪು ಲೈಟ್‌ಹೌಸಿನ ಮುಕ್ಕಾಲು ಎತ್ತರ ಅದು. ಮರದ ಕೊಂಬೆಗಳು ತಡೆದದ್ದರಿಂದ ಬದುಕಿದರು. ನಾಲ್ಕು ವರ್ಷದ ನಂತರ, 1993ರಲ್ಲಿ, ಅಮೆರಿಕದ ಯೊಸೆಮಿಟಿ ಕಣಿವೆಯ ದೊಡ್ಡ ಬಂಡೆಯೊಂದರಲ್ಲಿರುವ 'ನೋಸ್' ಎಂಬ ಮಹಾ ದಾರಿಯನ್ನು ಕೈಕಾಲಿನ ಬಲದಲ್ಲೇ ಪೂರ್ತಿ ಹತ್ತಿದ ಮೊದಲಿಗರಾದರು. ಅಂಥವರಿಗೂ ಗಂಟು ಮರೆತುಹೋಗುತ್ತದೆ. ಅದಕ್ಕೇ ಕ್ಲೈಂಬಿಂಗ್ ಮಾಡುವವರು ಪ್ರತಿ ಸಲ ಒಬ್ಬರನ್ನೊಬ್ಬರು ತಪಾಸಣೆ ಮಾಡುತ್ತಾರೆ. ಬಕಲ್, ಗಂಟು, ಕ್ಯಾರಾಬೀನರಿನ ಸ್ಕ್ರೂ, ಇಳಿಯುವ ಸಾಧನ (ಹಗ್ಗ ಓಡುವ ವೇಗ ತಡೆಯುವ ಡಿಸೆಂಡರ್), ಹೆಲ್ಮೆಟ್. ಕಣ್ಣಿಂದ ನೋಡಿದರೆ ಸಾಲದು, ಕೈಯಿಂದ ಎಳೆದು ನೋಡಬೇಕು. ಕಟ್ಟಿಕೊಳ್ಳುತ್ತಿರುವವರ ಜತೆ ಆಗ ಮಾತಾಡಬಾರದು, ಫೋಟೋಕ್ಕೆ ಕರೆಯಬಾರದು. ಇದನ್ನು ನಾನು ಬಹಳ ಒತ್ತಿ ಹೇಳುತ್ತೇನೆ. ಈಗ ಎಲ್ಲ ಕ್ಯಾಂಪಿನಲ್ಲೂ ಅಂಚಿನ ಹತ್ತಿರ ನಾಲ್ಕು ಮೊಬೈಲ್ ಎದ್ದಿರುತ್ತವೆ.

ರಾಪೆಲಿಂಗ್ ಹತ್ತುವುದಕ್ಕಿಂತ ಸುಲಭ ಎಂದು ಜನ ತಿಳಿದಿದ್ದಾರೆ. ಮೈಗೆ ಸುಲಭ, ನಿಜ. ಆದರೆ ಹತ್ತುವಾಗ ನಿಮ್ಮ ಕೈಕಾಲು ಬಂಡೆಯಲ್ಲಿರುತ್ತವೆ, ಹಗ್ಗ ಇರುವುದು ಬಿದ್ದರೆ ಹಿಡಿಯಲು. ಇಳಿಯುವಾಗ ಮೊದಲ ಕ್ಷಣದಿಂದಲೇ ಪೂರ್ತಿ ಭಾರ ಹಾರ್ನೆಸ್ ಮತ್ತು ಮೇಲೆ ಹಗ್ಗ ಕಟ್ಟಿದ ಆಧಾರದ ಮೇಲೆ. ಒಂದು ಕೊಂಡಿ ತಪ್ಪಿದರೂ ಎರಡನೆಯ ಅವಕಾಶ ಇಲ್ಲ. ಹಾಗಾಗಿ ಇಳಿಯುವ ಸಾಧನವನ್ನು ಹಗ್ಗಕ್ಕೆ ಸಿಕ್ಕಿಸಿದ ಮೇಲೆ, ಸುರಕ್ಷಾ ಸ್ಲಿಂಗ್ ಇನ್ನೂ ಆಧಾರದಲ್ಲಿ ಇರುವಾಗಲೇ, ಸಾಧನಕ್ಕೆ ಪೂರ್ತಿ ಭಾರ ಬಿಟ್ಟು ನೋಡಬೇಕು. ಎಲ್ಲ ಹಿಡಿದುಕೊಂಡಿದೆ ಎಂದು ಕಂಡ ಮೇಲೆಯೇ ಸ್ಲಿಂಗ್ ಬಿಚ್ಚುವುದು. ಹಗ್ಗದ ತುದಿ ನೆಲ ಮುಟ್ಟಿದ್ದು ಕಾಣದಿದ್ದರೆ ತುದಿಗೆ ದಪ್ಪ ಗಂಟು ಹಾಕಿರಬೇಕು. ಹಗ್ಗ ಮುಗಿದದ್ದು ತಿಳಿಯದೆ ತುದಿಯಿಂದ ಜಾರಿ ಬಿದ್ದು ನುರಿತವರೂ ಸತ್ತಿದ್ದಾರೆ.

ಹೊಸಬರಿಗೆ ಇಳಿಯುವ ಹಗ್ಗದ ಜತೆ ಬೇರೆಯದೇ ಒಂದು ಸುರಕ್ಷಾ ಹಗ್ಗ ಮೇಲಿನಿಂದ ಇರಬೇಕು, ಅದನ್ನು ಹಿಡಿಯಲು ಒಬ್ಬರು ಬೇಕು. ಇದು ಇಲ್ಲದ ಕ್ಯಾಂಪಿಗೆ ಮಕ್ಕಳನ್ನು ಕಳಿಸಬೇಡಿ. ಒಂಟಿಯಾಗಿ ಇಳಿಯುವ ಅನುಭವಿಗಳು ಸಣ್ಣ ದಾರದ ಕುಣಿಕೆಯೊಂದನ್ನು ಹಗ್ಗಕ್ಕೆ ಸುತ್ತಿ ಹಾರ್ನೆಸ್ಸಿಗೆ ಸಿಕ್ಕಿಸಿಕೊಳ್ಳುತ್ತಾರೆ. ಕಲ್ಲು ತಾಗಿಯೋ ಜೇನು ಎದ್ದೋ ಕೈ ಬಿಟ್ಟುಹೋದರೆ ಆ ಸುತ್ತು ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಅದು ಕೆಲಸ ಮಾಡಬೇಕಾದರೆ ಇಳಿಯುವ ಸಾಧನಕ್ಕೆ ತಾಗದಷ್ಟು ದೂರ ಇರಬೇಕು. ತಾಗಿದರೆ ಸುತ್ತು ಬಿಗಿಯಾಗುವುದೇ ಇಲ್ಲ. ಅದಕ್ಕಾಗಿ ಸಾಧನವನ್ನು ಸ್ಲಿಂಗ್ ಹಾಕಿ ಎದೆಯ ಮಟ್ಟಕ್ಕೆ ಎತ್ತರಿಸಿಕೊಳ್ಳುವ ರೂಢಿ ಇದೆ.

ಬಟ್ಟೆ, ಕೂದಲಿನ ವಿಷಯ ಸಣ್ಣದು ಅನ್ನಿಸಬಹುದು, ಸಣ್ಣದಲ್ಲ. ಎಂಟರ ಆಕಾರದ ಡಿಸೆಂಡರ್ ಹೊಟ್ಟೆಯ ಎದುರಿಗೇ ಇರುತ್ತದೆ. ಹಗ್ಗ ಅದರೊಳಗೆ ಓಡುವಾಗ ಹತ್ತಿರ ಬಂದದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಬಿಚ್ಚಿದ ಜಡೆ, ದುಪಟ್ಟಾ, ಸಡಿಲ ಟೀ ಶರ್ಟಿನ ಅಂಚು, ಹೆಲ್ಮೆಟ್ಟಿನ ಪಟ್ಟಿಯ ಬಾಲ. ಕೂದಲು ಸಿಕ್ಕಿಕೊಂಡರೆ ಅರ್ಧ ಬಂಡೆಯಲ್ಲಿ ಕೆಳಗೂ ಹೋಗಲಾಗದೆ ಮೇಲೂ ಬರಲಾಗದೆ ತಲೆಯ ಚರ್ಮ ಎಳೆಯುತ್ತಾ ನೇತಾಡಬೇಕಾಗುತ್ತದೆ. ಕೂದಲನ್ನು ಸುತ್ತಿ ಹೆಲ್ಮೆಟ್ ಒಳಗೆ ಸೇರಿಸಿ. ಶರ್ಟನ್ನು ಹಾರ್ನೆಸ್ಸಿನ ಕೆಳಗೆ ಸೇರಿಸಿ ಬಿಗಿ ಮಾಡಿ. ಜೇಬಿನಲ್ಲಿ ಕೀ, ಮೊಬೈಲ್ ಬೇಡ, ಪಟ್ಟಿಯ ಕೆಳಗೆ ಸಿಕ್ಕಿ ಚರ್ಮ ಕಚ್ಚುತ್ತವೆ. ಜಲಪಾತದಲ್ಲಿ ಇಳಿಯುವವರು ಒದ್ದೆಯಾದ ಮೇಲೆ ಇನ್ನೊಮ್ಮೆ ಬಕಲ್ ಎಳೆದು ನೋಡಬೇಕು. ಬಟ್ಟೆ ನೆನೆದು ಮೈಗೆ ಅಂಟಿದಾಗ ಮೊದಲು ಬಿಗಿಯಾಗಿದ್ದ ಪಟ್ಟಿ ಸಡಿಲವಾಗಿರುತ್ತದೆ.

ಮಕ್ಕಳ ವಿಷಯಕ್ಕೆ ಬರೋಣ. ಸೊಂಟಪಟ್ಟಿ ಎಲುಬಿಗಿಂತ ಮೇಲೆ ನಿಲ್ಲಬೇಕು ಎಂದೆನಲ್ಲ, ಸಣ್ಣ ಮಕ್ಕಳಿಗೆ ಆ ಎಲುಬು ಇನ್ನೂ ಅಗಲವಾಗಿ ಬೆಳೆದಿರುವುದಿಲ್ಲ. ಮೈ ಮೇಲಿಂದ ಕೆಳಗೆ ಒಂದೇ ಸಮ. ತಲೆಯ ಭಾರವೂ ಮೈಗೆ ಹೋಲಿಸಿದರೆ ಜಾಸ್ತಿ, ಬೇಗ ತಲೆಕೆಳಗಾಗುತ್ತಾರೆ. ಹಾಗಾಗಿ ಅವರಿಗೆ ಭುಜದ ಮೇಲೆ ಪಟ್ಟಿ ಬರುವ ಫುಲ್ ಬಾಡಿ ಹಾರ್ನೆಸ್ ಬೇಕು. ಮಾನದಂಡದಲ್ಲಿ 40 ಕಿಲೋ ಒಳಗಿನವರಿಗೆ ಎಂದೇ ಇಂಥದ್ದೊಂದು ಬೇರೆ ವರ್ಗ ಇದೆ. ದೊಡ್ಡವರ ಹಾರ್ನೆಸ್ಸನ್ನು ಕೊನೆಯ ತನಕ ಎಳೆದು "ಸಾಕು ಮಗಾ, ಏನೂ ಆಗೂದಿಲ್ಲ" ಎನ್ನುವ ಅಭ್ಯಾಸ ನಿಲ್ಲಬೇಕು. ಕೆಳಗೆಳೆಯುವ ಪರೀಕ್ಷೆ ಮಕ್ಕಳ ಮೇಲೆ ಅಪ್ಪ ಅಮ್ಮನೇ ಮಾಡಿ ನೋಡಲಿ. ಜಾರಿತು ಅಂದರೆ ಫುಲ್ ಬಾಡಿ ಕೇಳಿ. ಹೊಟ್ಟೆ ಮುಂದೆ ಬಂದು ಸೊಂಟದ ತಿರುವೇ ಇಲ್ಲದ ದೊಡ್ಡವರಿಗೂ ಇದೇ ಕಾರಣಕ್ಕೆ ಇದೇ ಪರಿಹಾರ, ಅಥವಾ ಸಿಟ್ ಹಾರ್ನೆಸ್ಸಿಗೆ ಎದೆಯ ಹಾರ್ನೆಸ್ ಜೋಡಿಸುವುದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬೆನ್ನಿಗೆ ಭಾರದ ಬ್ಯಾಗ್ ಇರುವವರಿಗೂ ಮೈ ಹಿಂದಕ್ಕೆ ಮಗುಚುವ ಸಾಧ್ಯತೆ ಜಾಸ್ತಿ. ಬ್ಯಾಗನ್ನು ಹಗ್ಗದಲ್ಲಿ ಬೇರೆಯೇ ಇಳಿಸಿ.

ನಮ್ಮ ಊರಿನಲ್ಲಿ ಇನ್ನೊಂದು ಗೊಂದಲ ಉಂಟು. ಮಂಗಳೂರಿನ ಎತ್ತರದ ಕಟ್ಟಡಗಳಿಗೆ ಬಣ್ಣ ಹೊಡೆಯುವವರು, ಗಾಜು ಒರೆಸುವವರು ಹಾಕುವ ಹಾರ್ನೆಸ್ ಬೇರೆ, ಕ್ಲೈಂಬಿಂಗ್ ಹಾರ್ನೆಸ್ ಬೇರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಕೆಲಸದ ಹಾರ್ನೆಸ್ ತಂದು ರಾಪೆಲಿಂಗ್ ಮಾಡಿಸುವುದೂ ತಪ್ಪು, ಕ್ಲೈಂಬಿಂಗ್ ಹಾರ್ನೆಸ್ ಹಾಕಿಕೊಂಡು ಕಟ್ಟಡದ ಕೆಲಸಕ್ಕೆ ಹೋಗುವುದೂ ತಪ್ಪು. ಕೆಲಸದ ಹಾರ್ನೆಸ್ಸಿನಲ್ಲಿ ಮುಖ್ಯ ಕೊಂಡಿ ಬೆನ್ನಿನ ಮೇಲ್ಭಾಗದಲ್ಲಿ ಇರುತ್ತದೆ. ಬಿದ್ದರೆ ನೆಟ್ಟಗೆ ನೇತಾಡಿಸಿ ಹಿಡಿಯುವುದು ಅದರ ಕೆಲಸ. ಆ ಕೊಂಡಿಯಿಂದ ಹಗ್ಗದಲ್ಲಿ ಇಳಿಯಲು ಆಗುವುದಿಲ್ಲ, ಇಳಿಯುವ ಸಾಧನ ಬೆನ್ನಿನಲ್ಲಿದ್ದರೆ ಕೈಗೆ ಸಿಗುವುದು ಹೇಗೆ? ಅದರ ಜತೆ ಬರುವ ಪಟ್ಟಿಯಲ್ಲಿ ಹೊಲಿಗೆ ಬಿಚ್ಚಿಕೊಳ್ಳುತ್ತಾ ಹೊಡೆತ ತಡೆಯುವ ಪೊಟ್ಟಣ ಇರುತ್ತದೆ, ಮೈಗೆ ಬೀಳುವ ಬಲವನ್ನು ಅದು 6 ಕಿಲೋನ್ಯೂಟನ್ ಒಳಗೆ ಇಡುತ್ತದೆ. ಕ್ಲೈಂಬಿಂಗಿನಲ್ಲಿ ಆ ಕೆಲಸ ಮಾಡುವುದು ಹಿಗ್ಗುವ ಹಗ್ಗ. ಭಾರತದಲ್ಲಿ ಕೆಲಸದ ಹಾರ್ನೆಸ್‌ಗೆ ಐಎಸ್ 3521 ಎಂಬ ಮಾನದಂಡ ಇದೆ. ಕ್ಯಾಂಪಿನಲ್ಲಿ ನಿಮಗೆ ಕೊಟ್ಟ ಹಾರ್ನೆಸ್ಸಿನ ಲೇಬಲ್ಲಿನಲ್ಲಿ ಅದು ಮಾತ್ರ ಬರೆದಿದ್ದರೆ, ಇಎನ್ 12277 ಅಥವಾ ಯುಐಎಎ ಗುರುತು ಇಲ್ಲದಿದ್ದರೆ, ಯಾಕೆಂದು ಕೇಳಿ.

ತೋಟದವರಿಗೂ ಒಂದು ಮಾತು. ಈಗ ಅಡಿಕೆ ಮರ, ತೆಂಗಿನ ಮರ ಏರುವ ಯಂತ್ರಗಳ ಜತೆ ಸುರಕ್ಷಾ ಬೆಲ್ಟ್ ಬಳಸುವವರು ಜಾಸ್ತಿಯಾಗುತ್ತಿದ್ದಾರೆ. ಬಹಳ ಒಳ್ಳೆಯದು. ಮರಕ್ಕೆ ಸುತ್ತಿ ನಿಲ್ಲುವ ಸೊಂಟದ ಬೆಲ್ಟ್ ಕೈ ಬಿಟ್ಟು ಕೆಲಸ ಮಾಡಲು ಮಾತ್ರ. ಬೀಳುವುದನ್ನು ತಡೆಯಲು ಅದೊಂದನ್ನೇ ನಂಬಬಾರದು, ಸೊಂಟದಲ್ಲಿ ಬರೇ ಒಂದು ಪಟ್ಟಿ ಇದ್ದು ಬಿದ್ದರೆ ಹೊಟ್ಟೆಗೆ, ಬೆನ್ನುಮೂಳೆಗೆ ಭಾರೀ ಪೆಟ್ಟಾಗುತ್ತದೆ.

ಇಟ್ಟುಕೊಳ್ಳುವ ವಿಷಯದಲ್ಲಿ ಕರಾವಳಿಯವರು ಬೇರೆಯವರಿಗಿಂತ ಜಾಗ್ರತೆ ಮಾಡಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು ನಮ್ಮದು. ಒದ್ದೆ ಹಾರ್ನೆಸ್ಸನ್ನು ಚೀಲದಲ್ಲಿ ತುಂಬಿ ಇಟ್ಟರೆ ನಾಲ್ಕು ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಉಪ್ಪುಗಾಳಿಗೆ ಅಲ್ಯೂಮಿನಿಯಂ ಕೊಂಡಿಗಳ ಮೇಲೆ ಬಿಳಿ ಹುಡಿ ಏಳುತ್ತದೆ, ಸ್ಪ್ರಿಂಗ್ ಬಿಗಿದು ಗೇಟ್ ಪೂರ್ತಿ ಮುಚ್ಚುವುದಿಲ್ಲ. ಬಳಸಿದ ಮೇಲೆ ಸಿಹಿನೀರಿನಲ್ಲಿ, ಬೇಕಾದರೆ ಸೌಮ್ಯ ಸಾಬೂನು ಹಾಕಿ ತೊಳೆದು, ನೆರಳಿನಲ್ಲಿ ಗಾಳಿಗೆ ಒಣಗಿಸಿ. ಬ್ಲೀಚ್ ಬೇಡ, ಬಿಸಿನೀರು ಬೇಡ, ತಾರಸಿಯ ಬಿಸಿಲು ಬೇಡ. ಬಿಸಿಲಿನ ಕಿರಣ ನೈಲಾನನ್ನು ನಿಧಾನವಾಗಿ ತಿನ್ನುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಆಮ್ಲ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ರಬ್ಬರ್ ತೋಟ ಇರುವ ಮನೆಗಳಲ್ಲಿ ಹಾಲು ಗಟ್ಟಿ ಮಾಡಲು ಫಾರ್ಮಿಕ್ ಆಸಿಡ್ ಇರುತ್ತದೆ. ಹಾರ್ನೆಸ್ಸಿನ ಪಟ್ಟಿಗಳಲ್ಲಿ ಬಹಳಷ್ಟು ನೈಲಾನಿನವು. ಗಟ್ಟಿ ಫಾರ್ಮಿಕ್ ಆಸಿಡ್ ನೈಲಾನನ್ನು ಕರಗಿಸಿಯೇ ಬಿಡುತ್ತದೆ. ಪ್ರಯೋಗಾಲಯದಲ್ಲಿ ನೈಲಾನ್ ಕರಗಿಸಲು ಬಳಸುವುದೇ ಅದನ್ನು. ಜೀಪಿನ ಹಿಂದೆ, ಶೆಡ್ಡಿನ ಮೂಲೆಯಲ್ಲಿ ಆಸಿಡ್ ಕ್ಯಾನಿನ ಪಕ್ಕ ಹಾರ್ನೆಸ್ ಚೀಲ ಇಡುವುದು, ಇನ್ವರ್ಟರ್ ಬ್ಯಾಟರಿ ಇಟ್ಟ ಕಪಾಟಿನಲ್ಲಿ ಹಗ್ಗ ಇಡುವುದು, ಎರಡೂ ಬೇಡ. ಆಸಿಡ್ ತಾಗಿದ ಪಟ್ಟಿ ಕೆಲವೊಮ್ಮೆ ನೋಡಲು ಮೊದಲಿನ ಹಾಗೆಯೇ ಇರುತ್ತದೆ. ಭಾರ ಬಿದ್ದಾಗಲೇ ಗೊತ್ತಾಗುವುದು. ತಾಗಿತೋ ಏನೋ ಎಂಬ ಅನುಮಾನ ಬಂದರೂ ಸಾಕು, ಆ ಹಾರ್ನೆಸ್ ಮುಗಿಯಿತು.

ಹಾರ್ನೆಸ್ಸಿನ ಒಳಗಡೆ ಹೊಲಿದ ಲೇಬಲ್ಲಿನಲ್ಲಿ ತಯಾರಾದ ವರ್ಷ ಇರುತ್ತದೆ. ಒಮ್ಮೆಯೂ ಬಳಸದೆ ಚೆನ್ನಾಗಿ ಇಟ್ಟಿದ್ದರೂ 10 ವರ್ಷಕ್ಕಿಂತ ಹೆಚ್ಚು ಬೇಡ ಎನ್ನುತ್ತವೆ ಹೆಚ್ಚಿನ ಕಂಪನಿಗಳು. ವಾರವಾರ ಬಳಸುವ ಕ್ಯಾಂಪಿನ ಹಾರ್ನೆಸ್ ಒಂದೆರಡು ವರ್ಷದಲ್ಲೇ ಸವೆಯಬಹುದು. ನೋಡಬೇಕಾದ ಜಾಗ ಮುಖ್ಯವಾಗಿ ಮೂರು. ಹಗ್ಗ ಉಜ್ಜುವ ಎರಡು ಗಟ್ಟಿ ಕುಣಿಕೆಗಳ ಒಳಮೈ, ಬಿಲೇ ಲೂಪ್, ಬಕಲ್ ಕಚ್ಚುವ ಕಡೆಯ ಪಟ್ಟಿ. ಎಳೆ ಎದ್ದು ರೋಮ ಬಂದ ಹಾಗೆ ಕಾಣುವುದು, ಹೊಲಿಗೆಯ ದಾರ ಕಿತ್ತಿರುವುದು, ಬಣ್ಣ ಮಾಸಿ ಪಟ್ಟಿ ಗಡುಸಾಗಿರುವುದು, ಬಿಸಿಗೆ ಕರಗಿ ಹೊಳಪು ಬಂದಿರುವುದು, ಯಾವುದು ಕಂಡರೂ ಬಳಸಬಾರದು. ನೆಲದ ಕೆಂಪು ಮಣ್ಣಿನ ನುಣುಪು ಹುಡಿ ನೂಲಿನೊಳಗೆ ಸೇರಿ ಅರದಂತೆ ಕೆಲಸ ಮಾಡುತ್ತದೆ. ಆದ್ದರಿಂದ ಹಾರ್ನೆಸ್ಸನ್ನು ಮಣ್ಣಿನಲ್ಲಿ ಬಿಸಾಡಬೇಡಿ, ಟಾರ್ಪಾಲಿನ ಮೇಲೆ ಇಡಿ.

ಸವೆದದ್ದು ಗೊತ್ತಿದ್ದೂ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಟಾಡ್ ಸ್ಕಿನ್ನರ್ ಅವರ ಸಾವು ಸಾಕ್ಷಿ. ಅಮೆರಿಕದ ಈ ಹೆಸರಾಂತ ಕ್ಲೈಂಬರ್ 2006ರ ಅಕ್ಟೋಬರಿನಲ್ಲಿ ಯೊಸೆಮಿಟಿಯ ಲೀನಿಂಗ್ ಟವರ್‌ನಿಂದ ಇಳಿಯುವಾಗ ಅವರ ಹಾರ್ನೆಸ್ಸಿನ ಬಿಲೇ ಲೂಪ್ ಹರಿಯಿತು. ಅದು ಸವೆದಿದೆ ಎಂದು ಅವರಿಗೂ ಜತೆಗಾರನಿಗೂ ಗೊತ್ತಿತ್ತು. ಹೊಸದಕ್ಕೆ ಆರ್ಡರ್ ಕೊಟ್ಟಾಗಿತ್ತು.

ಕ್ಯಾಂಪಿಗೆ ದುಡ್ಡು ಕಟ್ಟುವ ಮೊದಲೇ ಇದನ್ನೆಲ್ಲ ಕೇಳಬಹುದು. ಹಾರ್ನೆಸ್ ಯಾವ ವರ್ಷದ್ದು, ಮಕ್ಕಳ ಸೈಜ್ ಇದೆಯಾ, ಮೇಲಿನಿಂದ ಬೇರೆ ಸುರಕ್ಷಾ ಹಗ್ಗ ಕೊಡುತ್ತೀರಾ, ಕಲಿಸುವವರು ಎಲ್ಲಿ ತರಬೇತಿ ಪಡೆದವರು. ನಮ್ಮ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಂಥ ಕಡೆ ಕಲಿತವರು ಸರ್ಟಿಫಿಕೇಟ್ ತೋರಿಸಲು ಬೇಸರ ಮಾಡುವುದಿಲ್ಲ. ಜಾಗಕ್ಕೆ ಅನುಮತಿ ಇದೆಯಾ ಎಂದೂ ಕೇಳಿ. ಗಡಾಯಿಕಲ್ಲಿನಂಥ ಬಂಡೆ ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗಕ್ಕೆ ಸೇರಿದ್ದು, ಹಗ್ಗ ಹಿಡಿದುಕೊಂಡು ಸುಮ್ನೆ ಹೋಗುವ ಹಾಗಿಲ್ಲ.

ಕೊನೆಗೆ, ಯಾರಾದರೂ ಹಾರ್ನೆಸ್ಸಿನಲ್ಲಿ ಪ್ರಜ್ಞೆ ತಪ್ಪಿ ಅಲ್ಲಾಡದೆ ನೇತಾಡುತ್ತಿದ್ದರೆ ಒಂದೊಂದು ನಿಮಿಷವೂ ಮುಖ್ಯ. ಕಾಲಿನಲ್ಲಿ ರಕ್ತ ನಿಂತು ಹೃದಯಕ್ಕೆ ತಿರುಗಿ ಬರುವುದು ಕಡಿಮೆಯಾಗುತ್ತದೆ, ಜೀವಕ್ಕೇ ಅಪಾಯ. ಆದಷ್ಟು ಬೇಗ ಕೆಳಗೆ ಇಳಿಸಿ, ನೆಲದ ಮೇಲೆ ಅಂಗಾತ ಮಲಗಿಸಿ, ಉಸಿರು ನೋಡಿ, 108ಕ್ಕೆ ಫೋನ್ ಮಾಡಿ. ಮಲಗಿಸಬಾರದು, ಕೂರಿಸಿಯೇ ಇಡಬೇಕು ಎಂಬ ಹಳೆಯ ಸಲಹೆಯನ್ನು ಈಗ ವೈದ್ಯರು ಕೈಬಿಟ್ಟಿದ್ದಾರೆ. ಪ್ರಜ್ಞೆ ಇದ್ದು ಸಿಕ್ಕಿಹಾಕಿಕೊಂಡವರು ಕಾಯುವಾಗ ಕಾಲು ಆಡಿಸುತ್ತಿರಬೇಕು, ಹಗ್ಗದ ಕುಣಿಕೆ ಮಾಡಿ ಅದರಲ್ಲಿ ಪಾದ ಇಟ್ಟು ಆಗಾಗ ಎದ್ದು ನಿಲ್ಲಬೇಕು.

ಮತ್ತೆ, ಬಳಕೆ ಮುಗಿದ ಹಾರ್ನೆಸ್ಸನ್ನು ಇಡಿಯಾಗಿ ಗುಜರಿಗೆ ಹಾಕಬೇಡಿ, ತೋಟದ ಕೆಲಸದವರಿಗೂ ಕೊಡಬೇಡಿ. ಯಾರೋ ಅದನ್ನು ನಂಬಿ ಮರ ಹತ್ತಿಯಾರು. ಬಿಲೇ ಲೂಪ್, ಸೊಂಟಪಟ್ಟಿ, ತೊಡೆಪಟ್ಟಿಗಳನ್ನು ಕತ್ತರಿಸಿ ತುಂಡು ಮಾಡಿ ಆಮೇಲೆ ಬಿಸಾಡಿ.